ಮುನ್ನೂರು ಡಾಲರಿಗೊಂದು ಮೂತ್ರ ಪರೀಕ್ಷೆ



ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ 2011ರ ಜುಲೈ 1ರಂದು ಒಂದು ಕಾನೂನು ಜಾರಿಗೆ ಬಂತು. ಮಕ್ಕಳಿರುವ ಬಡ ಕುಟುಂಬಗಳಿಗೆ ಅಲ್ಲಿನ ಸರ್ಕಾರ ತಿಂಗಳಿಗಿಷ್ಟು ಎಂದು ನಗದು ಕೊಡುತ್ತದೆ. ಅದಕ್ಕೆ ಅರ್ಜಿ ಹಾಕುವ ತಾಯಿಯೋ ತಂದೆಯೋ ಮೊದಲು ಪ್ರಯೋಗಾಲಯಕ್ಕೆ ಹೋಗಿ ಮೂತ್ರ ಕೊಟ್ಟು, ತನ್ನ ಮೈಯಲ್ಲಿ ಗಾಂಜಾ, ಕೊಕೇನ್, ಹೆರಾಯಿನ್ ಮುಂತಾದ ಯಾವುದರ ಸುಳಿವೂ ಇಲ್ಲವೆಂದು ತೋರಿಸಬೇಕು ಎಂಬುದು ಆ ಕಾನೂನು. ಯಾರ ಮೇಲೂ ದೂರು ಇರಬೇಕಿಲ್ಲ, ಅನುಮಾನ ಇರಬೇಕಿಲ್ಲ. ಅರ್ಜಿ ಹಾಕಿದ್ದೇ ಸಾಕು. ಪರೀಕ್ಷೆಗೆ 25ರಿಂದ 45 ಡಾಲರ್ ಖರ್ಚು. ಅದನ್ನು ಅರ್ಜಿದಾರರೇ ಮೊದಲು ಕೈಯಿಂದ ಹಾಕಬೇಕು. ಪಾಸಾದರೆ ಸರ್ಕಾರ ಮರಳಿಸುತ್ತದೆ. ನಪಾಸಾದರೆ ಒಂದು ವರ್ಷ ನೆರವಿಲ್ಲ, ಎರಡನೇ ಸಲ ನಪಾಸಾದರೆ ಮೂರು ವರ್ಷ ಇಲ್ಲ. ಚಿಕಿತ್ಸೆ ಮುಗಿಸಿ ಬಂದವರು ಆರು ತಿಂಗಳಿಗೇ ಮತ್ತೆ ಅರ್ಜಿ ಹಾಕಬಹುದು. ಆದರೆ ಆ ಚಿಕಿತ್ಸೆಯ ಖರ್ಚು ಸರ್ಕಾರದ ಹೊಣೆಯಲ್ಲ ಎಂದೂ ಕಾನೂನಿನಲ್ಲೇ ಬರೆದಿತ್ತು. ಅಪ್ಪ ಅಮ್ಮ ನಪಾಸಾದರೆ ಮಕ್ಕಳ ಪಾಲನ್ನು ಬೇರೊಬ್ಬರ ಕೈಗೆ ಕೊಡಬಹುದಿತ್ತು. ಹಾಗೆ ಹಣ ಪಡೆಯಲು ಬರುವ ಅಜ್ಜಿಯೋ ಚಿಕ್ಕಪ್ಪನೋ ಕೂಡ ಮೊದಲು ಮೂತ್ರ ಕೊಟ್ಟೇ ಬರಬೇಕು.

ಇಷ್ಟೆಲ್ಲ ಆದ ಮೇಲೆ ಸಿಗುತ್ತಿದ್ದುದು ಎಷ್ಟು? ಮೂವರಿರುವ ಕುಟುಂಬಕ್ಕೆ ಹೆಚ್ಚೆಂದರೆ ತಿಂಗಳಿಗೆ 303 ಡಾಲರ್. ಆಗಿನ ದರದಲ್ಲಿ ನಮ್ಮ ಹದಿಮೂರೂವರೆ ಸಾವಿರ ರೂಪಾಯಿ. ಕೇಳುವುದಕ್ಕೆ ದೊಡ್ಡ ಮೊತ್ತ ಅನಿಸಬಹುದು. ಒರ್ಲ್ಯಾಂಡೊ, ಮಯಾಮಿಯಂಥ ಊರುಗಳಲ್ಲಿ ಅದು ಸಣ್ಣದೊಂದು ಮನೆಯ ಬಾಡಿಗೆಗೂ ಸಾಲದು. ಅದೂ ಜೀವನಪೂರ್ತಿ ಸಿಗುವುದಲ್ಲ. ಫ್ಲಾರಿಡಾದಲ್ಲಿ ಒಬ್ಬ ವ್ಯಕ್ತಿಗೆ ಇಡೀ ಆಯುಷ್ಯದಲ್ಲಿ ಒಟ್ಟು 48 ತಿಂಗಳು ಮಾತ್ರ.

ಈ ಕಾನೂನನ್ನು ತಂದವರು ಗವರ್ನರ್ ರಿಕ್ ಸ್ಕಾಟ್. ಅಲ್ಲಿ ಗವರ್ನರ್ ಎಂದರೆ ನಮ್ಮ ರಾಜ್ಯಪಾಲರ ಹಾಗಲ್ಲ. ಜನರಿಂದ ಆರಿಸಿ ಬಂದು, ನಮ್ಮ ಮುಖ್ಯಮಂತ್ರಿಯ ಹಾಗೆ ಆಡಳಿತ ನಡೆಸುವವರು. 2010ರ ಚುನಾವಣೆಯಲ್ಲಿ ಸ್ಕಾಟ್ ಕೊಟ್ಟ ವಚನಗಳಲ್ಲಿ ಇದೂ ಒಂದು. ತೆರಿಗೆ ಕಟ್ಟುವವರ ದುಡ್ಡು ಮಾದಕ ವ್ಯಸನಕ್ಕೆ ಹೋಗಬಾರದು ಎಂಬ ಮಾತಿಗೆ ಚಪ್ಪಾಳೆ ಬಿದ್ದಿತ್ತು. ಜನಾಭಿಪ್ರಾಯ ಸಮೀಕ್ಷೆಗಳಲ್ಲೂ ಬೆಂಬಲ ದೊಡ್ಡದಿತ್ತು. ಆ ಬೆಂಬಲವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. 1986ರಲ್ಲಿ ಅಧ್ಯಕ್ಷ ರೇಗನ್ ಅವರು ಕೇಂದ್ರ ಸರ್ಕಾರಿ ಕಚೇರಿಗಳು ಮಾದಕ ವಸ್ತುಗಳಿಂದ ಮುಕ್ತವಾಗಿರಬೇಕೆಂದು ಆದೇಶ ಹೊರಡಿಸಿದ ಮೇಲೆ ಅಮೆರಿಕದ ಖಾಸಗಿ ಕಂಪನಿಗಳಲ್ಲೂ ಮೂತ್ರ ಪರೀಕ್ಷೆ ಸರ್ವೇಸಾಮಾನ್ಯವಾಯಿತು. ಗೋದಾಮಿನಲ್ಲಿ ಪೆಟ್ಟಿಗೆ ಹೊರುವವನೂ ಕೆಲಸಕ್ಕೆ ಸೇರುವಾಗ ಮೂತ್ರ ಕೊಡುತ್ತಾನೆ. ‘ನಾನು ದುಡಿಯುವ ಸಂಬಳಕ್ಕೆ ಪರೀಕ್ಷೆ ಉಂಟು, ನನ್ನ ತೆರಿಗೆಯಿಂದ ಉಣ್ಣುವವನಿಗೆ ಯಾಕಿಲ್ಲ?’ ಎಂದು ಅವನು ಕೇಳಿದರೆ ಅದು ದುಷ್ಟತನದ ಪ್ರಶ್ನೆಯಲ್ಲ. ನಮ್ಮ ಬಸ್ ನಿಲ್ದಾಣದ ಹರಟೆಯಲ್ಲೂ, ಸರ್ಕಾರ ಕೊಟ್ಟ ದುಡ್ಡು ಸೀದಾ ಸಾರಾಯಿ ಅಂಗಡಿಗೆ ಹೋಗುತ್ತದೆ ಎನ್ನುವ ಮಾತು ನಿತ್ಯ ಕೇಳಿಬರುತ್ತದೆ. ಅದಕ್ಕೆ ಫ್ಲಾರಿಡಾ ಕೊಟ್ಟ ಉತ್ತರ ಏನಾಯಿತು ಎಂದು ನೋಡುವುದು ಈ ಭಾಷಣದ ಕೆಲಸ.

ಅದಕ್ಕೆ ಮೊದಲು ಸ್ವಲ್ಪ ಹಿಂದಕ್ಕೆ ಹೋಗಬೇಕು. ಬಡವರಿಗೆ ನೆರವು ಕೊಡುವಾಗ ಅವರ ಮನೆಯೊಳಗೆ ಇಣುಕುವ ಚಾಳಿ ಅಮೆರಿಕಕ್ಕೆ ಹೊಸದಲ್ಲ. 1935ರ ಸಾಮಾಜಿಕ ಭದ್ರತಾ ಕಾಯ್ದೆಯಲ್ಲಿ ತಂದೆಯ ಆಸರೆ ಇಲ್ಲದ ಮಕ್ಕಳಿಗೆ ನೆರವು ಎಂದು ಈ ಯೋಜನೆ ಶುರುವಾಯಿತು. ತಂದೆಯ ಆಸರೆ ಇಲ್ಲ ಎಂಬುದೇ ಅರ್ಹತೆಯಾದ್ದರಿಂದ, ಮನೆಯಲ್ಲಿ ಯಾವನಾದರೂ ಗಂಡಸು ಇದ್ದಾನೆಯೇ ಎಂದು ಹುಡುಕುವುದು ಅಧಿಕಾರಿಗಳ ಕೆಲಸವಾಯಿತು. 1963ರ ಜನವರಿಯ ಒಂದು ಭಾನುವಾರ ನಸುಕಿನಲ್ಲಿ ಕ್ಯಾಲಿಫೋರ್ನಿಯಾದ ಅಲಮೀಡಾ ಕೌಂಟಿಯ ಸಮಾಜ ಕಲ್ಯಾಣ ಸಿಬ್ಬಂದಿ ಇಬ್ಬಿಬ್ಬರಾಗಿ ಹೊರಟರು. ಒಬ್ಬರು ಮುಂಬಾಗಿಲಿಗೆ, ಇನ್ನೊಬ್ಬರು ಹಿಂಬಾಗಿಲಿಗೆ. ನಿದ್ದೆಗಣ್ಣಿನ ತಾಯಂದಿರನ್ನು ಎಬ್ಬಿಸಿ ಹಾಸಿಗೆ, ಬಟ್ಟೆಯ ಬೀರು, ಬಚ್ಚಲು ಎಲ್ಲ ನೋಡಿದರು. ಆ ಕಾರ್ಯಾಚರಣೆಗೆ ‘ಹಾಸಿಗೆ ತಪಾಸಣೆ’ ಎಂದೇ ಹೆಸರು. ಅದಕ್ಕೆ ಬರುವುದಿಲ್ಲ ಎಂದ ಒಬ್ಬ ಸಿಬ್ಬಂದಿ ಇದ್ದರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಆಜ್ಞೆ ಮೀರಿದ್ದಕ್ಕೆ ಕೆಲಸದಿಂದ ತೆಗೆದರು. ಅವರು ನ್ಯಾಯಾಲಯಕ್ಕೆ ಹೋದರು, ನಾಲ್ಕು ವರ್ಷ ಕಳೆದು 1967ರಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಅವರ ಪರವಾಗಿ ತೀರ್ಪು ಕೊಟ್ಟಿತು. ನೆರವು ನಿಂತುಹೋದೀತೆಂಬ ಹೆದರಿಕೆಯಿಂದ ಬಾಗಿಲು ತೆರೆದರೆ ಅದು ಒಪ್ಪಿಗೆಯಾಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. ಈ ಮಾತನ್ನು ನೆನಪಿಡಿ, ಫ್ಲಾರಿಡಾದಲ್ಲಿ ಮತ್ತೆ ಬೇಕಾಗುತ್ತದೆ. ಮರುವರ್ಷ, 1968ರಲ್ಲಿ, ಮನೆಗೆ ಬಂದುಹೋಗುವ ಗಂಡಸನ್ನು ಬದಲಿ ತಂದೆ ಎಂದು ಲೆಕ್ಕ ಹಿಡಿದು ಮಕ್ಕಳ ನೆರವು ನಿಲ್ಲಿಸುತ್ತಿದ್ದ ಅಲಬಾಮಾದ ನಿಯಮವನ್ನು ಅಮೆರಿಕದ ಸುಪ್ರೀಂ ಕೋರ್ಟೇ ಹೊಡೆದುಹಾಕಿತು. ಆದರೆ ನ್ಯಾಯಾಲಯದ ಮನಸ್ಸು ಒಂದೇ ಕಡೆಗಿರಲಿಲ್ಲ. 1971ರಲ್ಲಿ ನ್ಯೂಯಾರ್ಕಿನ ಒಬ್ಬ ತಾಯಿ ತನ್ನ ಮನೆಗೆ ಅಧಿಕಾರಿ ಬರುವುದು ಬೇಡ ಎಂದಾಗ, ಹಗಲಿನಲ್ಲಿ ಮುಂದಾಗಿ ತಿಳಿಸಿ ಬರುವ ಭೇಟಿ ಶೋಧನೆಯಲ್ಲ, ಬೇಡವೆಂದರೆ ನೆರವೂ ಇಲ್ಲ ಎಂದು ಅದೇ ಸುಪ್ರೀಂ ಕೋರ್ಟು ಹೇಳಿತು.

ಆಮೇಲೆ ಬಂದದ್ದು 1996. ಬಿಲ್ ಕ್ಲಿಂಟನ್ ಡೆಮಾಕ್ರಟಿಕ್ ಪಕ್ಷದವರು, ಸಂಸತ್ತು ರಿಪಬ್ಲಿಕನ್ನರ ಕೈಯಲ್ಲಿತ್ತು. ಆಗಸ್ಟ್ 22ರಂದು ಕ್ಲಿಂಟನ್ ಸಹಿ ಹಾಕಿದ ಕಾಯ್ದೆ ಅರುವತ್ತು ವರ್ಷದ ಹಳೆಯ ಯೋಜನೆಯನ್ನು ಮುಗಿಸಿ, ಟ್ಯಾನ್ಫ್ ಎಂಬ ಹೊಸದನ್ನು ತಂದಿತು. ಅದರ ಪೂರ್ತಿ ಹೆಸರಿನಲ್ಲೇ ‘ತಾತ್ಕಾಲಿಕ’ ಎಂಬ ಮಾತಿದೆ. ಕಾಲಮಿತಿ, ಕೆಲಸದ ಷರತ್ತು ಎಲ್ಲ ಅಲ್ಲಿಂದ ಬಂದವು. ಹೊಸದಾಗಿ ಕಾಯಂ ವಾಸದ ಪರವಾನಗಿ ಪಡೆದು ಹೋದವರಿಗೆ, ಅಂದರೆ ನಮ್ಮೂರುಗಳಿಂದ ಹೋಗಿ ಹಸಿರು ಕಾರ್ಡು ಪಡೆದವರಿಗೂ, ಮೊದಲ ಐದು ವರ್ಷ ಕೇಂದ್ರದ ಈ ನೆರವು ಇಲ್ಲ ಎಂಬುದೂ ಆ ಕಾಯ್ದೆಯದೇ. ಮಾದಕ ವಸ್ತುವಿನ ಗಂಭೀರ ಅಪರಾಧದಲ್ಲಿ ಶಿಕ್ಷೆಯಾದವರಿಗೆ ಆಜೀವ ನಿಷೇಧ ಹಾಕಿತು; ಬೇಡವೆಂದರೆ ರಾಜ್ಯಗಳು ಸಡಿಲಿಸಬಹುದಿತ್ತು. ಇವುಗಳ ನಡುವೆ, ಹೆಚ್ಚು ಸದ್ದಿಲ್ಲದೆ, 902ನೇ ಕಲಮು ಇತ್ತು: ನೆರವು ಪಡೆಯುವವರನ್ನು ಮಾದಕ ವಸ್ತುಗಳಿಗಾಗಿ ಪರೀಕ್ಷಿಸಲು ರಾಜ್ಯಗಳಿಗೆ ಅಡ್ಡಿಯಿಲ್ಲ.

ಆ ಬಾಗಿಲಿನಿಂದ ಮೊದಮೊದಲು ಒಳಗೆ ಹೋದವುಗಳಲ್ಲಿ ಮಿಶಿಗನ್ ಒಂದು. 1999ರಲ್ಲಿ ಕೆಲವೇ ಕಚೇರಿಗಳಲ್ಲಿ ಪ್ರಯೋಗವಾಗಿ ಎಲ್ಲರಿಗೂ ಪರೀಕ್ಷೆ ಆರಂಭಿಸಿತು. ಕೆಲವೇ ವಾರಗಳಲ್ಲಿ ನ್ಯಾಯಾಲಯ ತಡೆಯಿತು. ಅಷ್ಟರಲ್ಲಿ 268 ಜನರ ಪರೀಕ್ಷೆಯಾಗಿತ್ತು, 21 ಜನರಲ್ಲಿ ಅಂಶ ಸಿಕ್ಕಿತ್ತು. ಮೂವರನ್ನು ಬಿಟ್ಟು ಉಳಿದವರೆಲ್ಲ ಬರೀ ಗಾಂಜಾ. ಮೇಲ್ಮನವಿ 2003ರವರೆಗೆ ನಡೆದು, ಕೊನೆಗೆ ಹನ್ನೆರಡು ನ್ಯಾಯಾಧೀಶರು ಆರು ಆರಾಗಿ ಒಡೆದರು. ಮತ ಸಮಸಮವಾದದ್ದರಿಂದ ಕೆಳಗಿನ ತೀರ್ಪು ಉಳಿದುಕೊಂಡಿತು. ಫ್ಲಾರಿಡಾ ಕೂಡ ಅದೇ ಹೊತ್ತಿನಲ್ಲಿ ಜಾಕ್ಸನ್‌ವಿಲ್ ಸುತ್ತಮುತ್ತ ಒಂದು ಪ್ರಯೋಗ ಮಾಡಿತ್ತು. ಸರ್ಕಾರವೇ ಅದರ ಫಲಿತಾಂಶ ನೋಡಲು ವಿಶ್ವವಿದ್ಯಾಲಯದ ಸಂಶೋಧಕರಿಗೆ ವಹಿಸಿತ್ತು. ಪಟ್ಟಿಯಲ್ಲಿದ್ದ ಎಂಟು ಸಾವಿರಕ್ಕೂ ಹೆಚ್ಚು ಅರ್ಜಿದಾರರಲ್ಲಿ ಮಾದಕ ವಸ್ತು ಕಂಡುಬಂದದ್ದು 335 ಜನರಲ್ಲಿ. ನೆರವು ಪಡೆಯುವವರಲ್ಲಿ ಬಳಕೆ ಉಳಿದವರಿಗಿಂತ ಹೆಚ್ಚೇನಿಲ್ಲ, ಇದ್ದವರೂ ಕೆಲಸ ಸಂಪಾದನೆಯಲ್ಲಿ ಉಳಿದವರಿಗಿಂತ ಹಿಂದೆ ಬಿದ್ದಿಲ್ಲ ಎಂಬ ವರದಿ ಬಂತು. ಯೋಜನೆಯನ್ನು ಕೈಬಿಟ್ಟರು. ಹತ್ತು ವರ್ಷ ಕಳೆದು ಅದೇ ರಾಜ್ಯ, ತನ್ನದೇ ವರದಿ ಕಪಾಟಿನಲ್ಲಿರುವಾಗ, ಇಡೀ ರಾಜ್ಯಕ್ಕೆ ಅದೇ ಕಾನೂನು ತಂದಿತು!

2011ರ ಫಲಿತಾಂಶಕ್ಕೆ ಬರೋಣ. ಜುಲೈಯಿಂದ ಅಕ್ಟೋಬರ್‌ವರೆಗೆ ನಾಲ್ಕು ತಿಂಗಳಲ್ಲಿ ನಾಲ್ಕು ಸಾವಿರಕ್ಕೂ ಮೇಲ್ಪಟ್ಟು ಜನ ಮೂತ್ರ ಕೊಟ್ಟರು. ನಪಾಸಾದವರು 108. ನೂರಕ್ಕೆ ಮೂರು ಕೂಡ ಇಲ್ಲ, ಅದರಲ್ಲಿ ಹೆಚ್ಚಿನವರು ಗಾಂಜಾದವರು. ಅದೇ ಸುಮಾರಿಗೆ ಕೇಂದ್ರ ಸರ್ಕಾರದ ಮನೆ ಮನೆ ಸಮೀಕ್ಷೆ ಹೇಳುತ್ತಿದ್ದುದು ಏನೆಂದರೆ, ಹನ್ನೆರಡು ವರ್ಷ ಮೇಲ್ಪಟ್ಟ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು ಒಂಬತ್ತು ಜನ ಹಿಂದಿನ ತಿಂಗಳಲ್ಲಿ ಯಾವುದಾದರೂ ನಿಷೇಧಿತ ಮಾದಕ ವಸ್ತು ಬಳಸಿದ್ದರು. ಪಾಸಾದವರಿಗೆಲ್ಲ ಪರೀಕ್ಷೆಯ ದುಡ್ಡು ಮರಳಿಸಬೇಕಿತ್ತಲ್ಲ, ಅದಕ್ಕೆ ಫ್ಲಾರಿಡಾ ಕೊಟ್ಟದ್ದು 1,18,140 ಡಾಲರ್. ನಪಾಸಾದವರಿಗೆ ನೆರವು ನಿಲ್ಲಿಸಿ ಉಳಿಸಿದ್ದನ್ನು ಕಳೆದರೂ 45,780 ಡಾಲರ್ ಕೈಬಿಟ್ಟು ಹೋಯಿತು. ವಕೀಲರ ಖರ್ಚು, ಸಿಬ್ಬಂದಿಯ ಸಮಯ ಇದರಲ್ಲಿ ಸೇರಿಲ್ಲ. ಬೆಟ್ಟ ಅಗೆದು ಇಲಿ ಹಿಡಿದರು ಎನ್ನುತ್ತೇವೆ. ಇಲ್ಲಿ ಅಗೆತಕ್ಕೆ ಕೂಲಿಯನ್ನೂ ತೆರಿಗೆದಾರನೇ ಕೊಟ್ಟ.

ಒಂದು ತಕರಾರನ್ನು ಮುಚ್ಚಿಡಬಾರದು. ಅರ್ಜಿ ಹಾಕಿಯೂ ಪರೀಕ್ಷೆಗೆ ಬಾರದೆ ಉಳಿದವರು ಎರಡು ಸಾವಿರದ ಮೇಲಿದ್ದಾರೆ, ಅವರು ವ್ಯಸನಿಗಳಾದ್ದರಿಂದಲೇ ಹೆದರಿ ಹಿಂದೆ ಸರಿದರು ಎಂದು ಸರ್ಕಾರ ನ್ಯಾಯಾಲಯದಲ್ಲಿ ವಾದಿಸಿತು. ಇರಲೂಬಹುದು, ಕೆಲವರು. ಆದರೆ ಕೈಯಲ್ಲಿ ಮೂವತ್ತು ಡಾಲರ್ ಇಲ್ಲದವನು ಹಾಗೇ ಹಿಂದೆ ಸರಿಯುತ್ತಾನೆ. ಪ್ರಯೋಗಾಲಯ ಹತ್ತಿರವಿಲ್ಲದ ಹಳ್ಳಿಯ ತಾಯಿ, ಬಸ್ಸಿಲ್ಲದ್ದಕ್ಕೆ, ಮಗುವನ್ನು ನೋಡಿಕೊಳ್ಳುವವರಿಲ್ಲದ್ದಕ್ಕೆ ಹಿಂದೆ ಸರಿಯುತ್ತಾಳೆ. ಆ ನಡುವೆ ಕೆಲಸ ಸಿಕ್ಕವನೂ ಬರುವುದಿಲ್ಲ. ಬಾರದವರೆಲ್ಲ ವ್ಯಸನಿಗಳೆಂದು ಲೆಕ್ಕ ಬರೆದುಕೊಳ್ಳುವುದಾದರೆ ಪರೀಕ್ಷೆಯ ಅಗತ್ಯವೇ ಇರುತ್ತಿರಲಿಲ್ಲ. ನ್ಯಾಯಾಧೀಶರೂ ಅದನ್ನು ಒಪ್ಪಲಿಲ್ಲ.

ಈ ಪರೀಕ್ಷೆ ಏನನ್ನು ಅಳೆಯುತ್ತದೆ ಎಂಬುದನ್ನೂ ಸ್ವಲ್ಪ ನೋಡಬೇಕು. ಗಾಂಜಾದ ಅಂಶ ಮೈಯ ಕೊಬ್ಬಿನಲ್ಲಿ ಸೇರಿಕೊಂಡು ನಿಧಾನವಾಗಿ ಹೊರಬರುತ್ತದೆ. ಒಂದೆರಡು ಸಲ ಸೇದಿದವನಲ್ಲಿ ಕೆಲವು ದಿನ, ದಿನಾ ಸೇದುವವನಲ್ಲಿ ವಾರಗಟ್ಟಲೆ ಮೂತ್ರದಲ್ಲಿ ಸಿಗುತ್ತದೆ. ಕೊಕೇನ್, ಹೆರಾಯಿನ್ ಎರಡು ಮೂರು ದಿನದಲ್ಲಿ ಮಾಯ. ಮನೆ ಮುರಿಯುವುದರಲ್ಲಿ, ಹೆಂಡತಿಯ ಮೇಲೆ ಕೈ ಎತ್ತಿಸುವುದರಲ್ಲಿ ಎಲ್ಲಕ್ಕಿಂತ ಮುಂದಿರುವ ಮದ್ಯ ಈ ಪರೀಕ್ಷೆಯ ಪಟ್ಟಿಯಲ್ಲೇ ಸಾಮಾನ್ಯವಾಗಿ ಇರುವುದಿಲ್ಲ. ಅಂದರೆ ಬಲೆಗೆ ಬೀಳುವವನು ಹೋದ ವಾರ ಗೆಳೆಯರೊಂದಿಗೆ ಗಾಂಜಾ ಸೇದಿದವನೇ ಹೊರತು ಹೆರಾಯಿನ್ ಇಲ್ಲದೆ ಬದುಕಲಾರದ, ಆದರೆ ಪರೀಕ್ಷೆಯ ದಿನ ಗೊತ್ತಿರುವವನಲ್ಲ. ಮೂತ್ರದಲ್ಲಿ ಒಂದು ರಾಸಾಯನಿಕ ಇದೆಯೋ ಇಲ್ಲವೋ ಎಂದಷ್ಟೇ ಅದು ಹೇಳಬಲ್ಲದು. ಆ ಮನುಷ್ಯ ವ್ಯಸನಿಯೇ, ಮಗುವಿನ ಹಾಲಿನ ದುಡ್ಡನ್ನು ಅದಕ್ಕೆ ಸುರಿಯುತ್ತಾನೆಯೇ ಎಂಬುದನ್ನು ಹೇಳಲಾರದು.

ಪ್ರಯೋಗಾಲಯದಲ್ಲಿ ಇಂಥ ಪರೀಕ್ಷೆ ನಡೆಯುವ ರೀತಿಯೂ ಕೇಳುವಂಥದ್ದು. ಮೂತ್ರ ಈಗತಾನೇ ಬಂದದ್ದೇ ಎಂದು ತಿಳಿಯಲು ಬಟ್ಟಲಿಗೆ ಶಾಖ ತೋರಿಸುವ ಪಟ್ಟಿ ಅಂಟಿಸಿರುತ್ತಾರೆ. ನೀರು ಬೆರೆಸದ ಹಾಗೆ ಶೌಚಾಲಯದ ನೀರಿಗೆ ನೀಲಿ ಬಣ್ಣ ಹಾಕಿರುತ್ತಾರೆ. ವೈದ್ಯರು ಬರೆದುಕೊಟ್ಟ ಔಷಧಿಯಿಂದಲೂ ಫಲಿತಾಂಶ ತಪ್ಪಬಹುದಾದ್ದರಿಂದ, ತಾನು ಯಾವ ಯಾವ ಮಾತ್ರೆ ನುಂಗುತ್ತೇನೆ ಎಂಬುದನ್ನು ಹೇಳಿಕೊಳ್ಳಬೇಕಾಗುತ್ತದೆ. ಖಿನ್ನತೆಗೆ ಮಾತ್ರೆ ನುಂಗುವವಳ ಗುಟ್ಟು ಅಲ್ಲಿಗೆ ಹೊರಬಿತ್ತು. ಫ್ಲಾರಿಡಾದಲ್ಲಿ ನಪಾಸಾದವರ ಹೆಸರು ಮಕ್ಕಳ ಮೇಲಿನ ದೌರ್ಜನ್ಯದ ದೂರು ದಾಖಲಿಸುವ ಸರ್ಕಾರಿ ವ್ಯವಸ್ಥೆಗೂ ಹೋಗುತ್ತಿತ್ತು.

ಹಾಗಾದರೆ ಆ ಹೊತ್ತಿಗೆ ಫ್ಲಾರಿಡಾದಲ್ಲಿ ಮಾದಕ ವಸ್ತುವಿನ ಪಿಡುಗೇ ಇರಲಿಲ್ಲವೇ? ಇತ್ತು, ಭೀಕರವಾಗಿಯೇ ಇತ್ತು. ಆದರೆ ಅದಿದ್ದ ಜಾಗ ಬೇರೆ. ರಸ್ತೆ ಬದಿಯ ಅಂಗಡಿ ಸಾಲುಗಳಲ್ಲಿ ‘ನೋವು ನಿವಾರಣಾ ಕ್ಲಿನಿಕ್’ ಎಂಬ ಹಲಗೆ ಹಾಕಿಕೊಂಡು, ಕೇಳಿದವರಿಗೆಲ್ಲ ಆಕ್ಸಿಕೋಡೋನ್ ಎಂಬ ಅಫೀಮಿನ ಜಾತಿಯ ಮಾತ್ರೆಯನ್ನು ನಗದಿಗೆ ಮಾರುವ ವೈದ್ಯರಿದ್ದರು. ಜನ ಅದನ್ನು ಮಾತ್ರೆ ಗಿರಣಿ ಎಂದು ಕರೆಯುತ್ತಿದ್ದರು. ಇಡೀ ಅಮೆರಿಕದಲ್ಲಿ ತಮ್ಮ ಕ್ಲಿನಿಕ್ಕಿನಿಂದಲೇ ನೇರವಾಗಿ ಅತಿ ಹೆಚ್ಚು ಆಕ್ಸಿಕೋಡೋನ್ ಕೊಡುತ್ತಿದ್ದ ನೂರು ವೈದ್ಯರ ಪಟ್ಟಿ ಮಾಡಿದರೆ, 2010ರಲ್ಲಿ ಅವರಲ್ಲಿ 98 ಮಂದಿ ಫ್ಲಾರಿಡಾದವರು. ಕೆಂಟಕಿ, ವೆಸ್ಟ್ ವರ್ಜೀನಿಯಾ ಕಡೆಯಿಂದ ಜನ ಕಾರು ತುಂಬಿಕೊಂಡು ಬಂದು ಮಾತ್ರೆ ಒಯ್ಯುತ್ತಿದ್ದರು. ಇದನ್ನು ಹಿಡಿಯಲು, ಯಾರಿಗೆ ಯಾವ ವೈದ್ಯ ಎಷ್ಟು ಮಾತ್ರೆ ಬರೆದ ಎಂಬುದನ್ನು ಕಂಪ್ಯೂಟರಿನಲ್ಲಿ ದಾಖಲಿಸುವ ವ್ಯವಸ್ಥೆಗೆ ಅಲ್ಲಿನ ಶಾಸನಸಭೆ ಆಗಲೇ ಅನುಮತಿ ಕೊಟ್ಟಾಗಿತ್ತು. 2011ರ ಆರಂಭದಲ್ಲಿ ಹೊಸ ಗವರ್ನರ್ ಅದನ್ನೇ ರದ್ದು ಮಾಡಬೇಕೆಂದರು. ಯಾಕೆ? ಜನರ ಖಾಸಗಿತನಕ್ಕೆ ಧಕ್ಕೆಯಂತೆ! ಟೀಕೆ ಬಂದ ಮೇಲೆ ಮೆತ್ತಗಾಗಿ, ಜೂನ್‌ನಲ್ಲಿ ಮಾತ್ರೆ ಗಿರಣಿಗಳ ವಿರುದ್ಧದ ಕಾನೂನಿಗೂ ಸಹಿ ಹಾಕಿದರು, ಅದರಿಂದ ಒಳ್ಳೆಯದೂ ಆಯಿತು. ಆದರೆ ಒಂದೇ ವಸಂತದಲ್ಲಿ ಒಬ್ಬರೇ ಮನುಷ್ಯ, ಮಾತ್ರೆ ಕೊಳ್ಳುವವರ ಖಾಸಗಿತನಕ್ಕೆ ಮರುಗಿ, ಮಕ್ಕಳ ಭತ್ಯೆ ಕೇಳುವವರ ಮುಂದೆ ಬಟ್ಟಲು ಹಿಡಿದದ್ದನ್ನು ನೋಡಿದರೆ, ಈ ಪರೀಕ್ಷೆ ಮಾದಕ ವಸ್ತುವಿಗಾಗಿ ಹುಟ್ಟಿದ್ದಲ್ಲ, ಬಡವರ ಮೇಲಿನ ಗುಮಾನಿಯಿಂದ ಹುಟ್ಟಿದ್ದು ಎಂದು ನನಗನ್ನಿಸುತ್ತದೆ.

ಕಾನೂನು ಬಂದ ತಿಂಗಳೇ ಅರ್ಜಿ ಹಾಕಿದವರಲ್ಲಿ ಒರ್ಲ್ಯಾಂಡೊದ ಒಬ್ಬ ಯುವಕನಿದ್ದ. ನೌಕಾಪಡೆಯಲ್ಲಿ ಸೇವೆ ಮಾಡಿ ಬಂದವನು. ಪುಟ್ಟ ಮಗನನ್ನು ಒಬ್ಬನೇ ಸಾಕುತ್ತ, ಕೈಲಾಗದ ತಾಯಿಯನ್ನೂ ನೋಡಿಕೊಳ್ಳುತ್ತ, ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಬೇಕಾದ ಅರ್ಹತೆಗಳೆಲ್ಲ ಇವೆ ಎಂದು ಕಚೇರಿ ಒಪ್ಪಿತ್ತು, ಪರೀಕ್ಷೆಯೊಂದು ಬಾಕಿ. ತಾನು ಮಾದಕ ವಸ್ತು ಮುಟ್ಟುವವನಲ್ಲ, ಆದರೂ ಪರೀಕ್ಷೆಗೆ ಒಪ್ಪುವುದಿಲ್ಲ ಎಂದ. ಅವನಿಗೂ ಮಗನಿಗೂ ಸೇರಿ ತಿಂಗಳಿಗೆ 241 ಡಾಲರ್ ಸಿಗಬಹುದಿತ್ತು. ನಾಗರಿಕ ಹಕ್ಕುಗಳ ಸಂಘಟನೆಯಾದ ಎಸಿಎಲ್‌ಯುವಿನ ಫ್ಲಾರಿಡಾ ಘಟಕ ಅವನ ಪರವಾಗಿ ನಿಂತಿತು.

ವಾದ ನಿಂತದ್ದು ಅಮೆರಿಕದ ಸಂವಿಧಾನದ ನಾಲ್ಕನೇ ತಿದ್ದುಪಡಿಯ ಮೇಲೆ. ಸಕಾರಣವಿಲ್ಲದೆ ಸರ್ಕಾರ ಯಾರನ್ನೂ ಶೋಧಿಸಬಾರದು ಎಂಬುದು ಅದರ ಮಾತು, ಮೂತ್ರ ಪರೀಕ್ಷೆ ಕೂಡ ಶೋಧನೆಯೇ. ಗೋದಾಮಿನ ಕೆಲಸಗಾರನ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ: ಅವನ ಖಾಸಗಿ ಮಾಲೀಕನನ್ನು ಈ ತಿದ್ದುಪಡಿ ಕಟ್ಟಿಹಾಕುವುದಿಲ್ಲ, ಸರ್ಕಾರವನ್ನು ಕಟ್ಟಿಹಾಕುತ್ತದೆ. ಅನುಮಾನವಿಲ್ಲದೆಯೂ ಪರೀಕ್ಷಿಸಬಹುದಾದ ಸಂದರ್ಭಗಳನ್ನು ಸುಪ್ರೀಂ ಕೋರ್ಟು ಒಪ್ಪಿದೆ. 1989ರಲ್ಲಿ ರೈಲ್ವೆ ಕೆಲಸಗಾರರ ವಿಷಯದಲ್ಲಿ, ಬಂದೂಕು ಹಿಡಿದು ಕಳ್ಳಸಾಗಣೆ ತಡೆಯುವ ಸುಂಕದ ಅಧಿಕಾರಿಗಳ ವಿಷಯದಲ್ಲಿ. ಆಮೇಲೆ ಶಾಲಾ ಮಕ್ಕಳ ಕ್ರೀಡೆಯ ವಿಷಯದಲ್ಲಿ. ರೈಲು ಓಡಿಸುವವನು ಅಮಲಿನಲ್ಲಿದ್ದರೆ ನೂರಾರು ಜನ ಸಾಯುತ್ತಾರೆ. ಮಕ್ಕಳ ಭತ್ಯೆಗೆ ಅರ್ಜಿ ಬರೆಯುವವನಿಂದ ಅಂಥ ಯಾವ ಅಪಾಯ?

2011ರ ಅಕ್ಟೋಬರ್ 24ರಂದು ಫೆಡರಲ್ ನ್ಯಾಯಾಧೀಶೆ ಮೇರಿ ಸ್ಕ್ರಿವೆನ್ ತಡೆಯಾಜ್ಞೆ ಕೊಟ್ಟರು. ಆಕೆಯನ್ನು ನೇಮಿಸಿದ್ದವರು ರಿಪಬ್ಲಿಕನ್ ಅಧ್ಯಕ್ಷ ಜಾರ್ಜ್ ಬುಷ್ ಎಂಬುದನ್ನೂ ಹೇಳಬೇಕು, ಯಾಕೆಂದರೆ ಪಕ್ಷ ನೋಡಿ ತೀರ್ಪು ಬಂತು ಎನ್ನುವವರಿರುತ್ತಾರೆ. ಮೇಲಿನ ನ್ಯಾಯಾಲಯ 2013ರ ಫೆಬ್ರವರಿಯಲ್ಲಿ ತಡೆಯನ್ನು ಎತ್ತಿಹಿಡಿಯಿತು. ಆ ವರ್ಷದ ಕೊನೆಯ ದಿನ ಸ್ಕ್ರಿವೆನ್ ಕಾನೂನನ್ನು ಪೂರ್ತಿಯಾಗಿ ರದ್ದು ಮಾಡಿದರು, 2014ರ ಡಿಸೆಂಬರಿನಲ್ಲಿ ಮೇಲ್ಮನವಿಯಲ್ಲೂ ಅದೇ ನಿಂತಿತು. ಅರ್ಜಿದಾರರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ್ದಾರಲ್ಲ ಎಂಬ ಸರ್ಕಾರದ ವಾದ ಮೊದಲಿನಿಂದ ಕೊನೆಯವರೆಗೂ ಗೆಲ್ಲಲಿಲ್ಲ. ಸಹಿ ಹಾಕದಿದ್ದರೆ ಊಟ ಇಲ್ಲ ಎಂದ ಮೇಲೆ ಅದು ಎಂಥ ಒಪ್ಪಿಗೆ? ಬಡವರಾಗಿದ್ದ ಮಾತ್ರಕ್ಕೆ ಖಾಸಗಿತನದ ಹಕ್ಕು ಕಡಿಮೆಯಾಗುವುದಿಲ್ಲ, ನೆರವು ಬೇಕಾದರೆ ಹಕ್ಕು ಬಿಟ್ಟುಕೊಡು ಎಂದು ಸರ್ಕಾರ ಚೌಕಾಸಿ ಮಾಡುವಂತಿಲ್ಲ ಎಂದು ನ್ಯಾಯಾಲಯಗಳು ಹೇಳಿದವು.

ಈಗ ಇದೇ ಬಟ್ಟಲು ಬೇರೆಯವರ ಮುಂದೆ ಬಂದಾಗ ಏನಾಗುತ್ತದೆ ನೋಡಿ. ಪಕ್ಕದ ಜಾರ್ಜಿಯಾದಲ್ಲಿ 1990ರಲ್ಲಿ ಒಂದು ಕಾನೂನು ಬಂದಿತ್ತು: ರಾಜ್ಯದ ದೊಡ್ಡ ಹುದ್ದೆಗಳಿಗೆ ಚುನಾವಣೆಗೆ ನಿಲ್ಲುವವರು ಮಾದಕ ವಸ್ತು ಪರೀಕ್ಷೆ ಮಾಡಿಸಿಕೊಂಡ ಪ್ರಮಾಣಪತ್ರ ತರಬೇಕು. ಸುಪ್ರೀಂ ಕೋರ್ಟು 1997ರಲ್ಲಿ ಎಂಟು ಒಂದು ಬಹುಮತದಿಂದ ಅದನ್ನು ಕಿತ್ತುಹಾಕಿತು. ತೀರ್ಪು ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಅಭ್ಯರ್ಥಿಗಳಲ್ಲಿ ವ್ಯಸನ ಇದೆ ಎಂಬುದಕ್ಕೆ ಆಧಾರವಿಲ್ಲ, ಬರೀ ತೋರಿಕೆಗಾಗಿ ಇಂಥ ಶೋಧನೆ ಸಲ್ಲದು ಎಂದರು. 2012ರಲ್ಲಿ ಇಂಡಿಯಾನಾದ ಶಾಸನಸಭೆಯಲ್ಲಿ ನೆರವು ಪಡೆಯುವವರ ಪರೀಕ್ಷೆಗೆ ಮಸೂದೆ ಬಂದಾಗ, ಶಾಸಕರಿಗೂ ಪರೀಕ್ಷೆ ಇರಲಿ ಎಂದು ಒಬ್ಬ ಸದಸ್ಯರು ತಿದ್ದುಪಡಿ ತಂದರು, ಅದು ಪಾಸೂ ಆಯಿತು. ಮಸೂದೆ ತಂದವರು ಕೂಡಲೇ ಮಸೂದೆಯನ್ನೇ ಹಿಂದಕ್ಕೆ ತೆಗೆದುಕೊಂಡರು. ಮುಖ ಉಳಿಸಿಕೊಳ್ಳಲು ಕೆಲ ದಿನಗಳಲ್ಲಿ ಶಾಸಕರನ್ನೂ ಸೇರಿಸಿ ಮತ್ತೆ ತಂದರು. ಫ್ಲಾರಿಡಾದಲ್ಲಿ ಗವರ್ನರ್ ಸ್ಕಾಟ್ ಅವರ ಪತ್ರಿಕಾಗೋಷ್ಠಿಗೆ ಮುಂಬೈಯಲ್ಲಿ ಹುಟ್ಟಿದ ಹಾಸ್ಯನಟ ಆಸಿಫ್ ಮಾಂಡ್ವಿ ‘ಡೈಲಿ ಶೋ’ ಕಾರ್ಯಕ್ರಮದ ಪರವಾಗಿ ಹೋಗಿದ್ದರು. ನಿಮ್ಮ ಸಂಬಳವೂ ತೆರಿಗೆಯ ದುಡ್ಡೇ ಅಲ್ಲವೇ ಸ್ವಾಮಿ ಎಂಬ ಧಾಟಿಯಲ್ಲಿ ಕೇಳಿ, ಒಂದು ಬಟ್ಟಲನ್ನು ಪತ್ರಕರ್ತರ ಕೈಯಿಂದ ಕೈಗೆ ದಾಟಿಸುತ್ತ ಮುಂದಕ್ಕೆ ಕಳಿಸಿದರು. ತಾನು ಪರೀಕ್ಷೆ ಎಷ್ಟೋ ಸಲ ಮಾಡಿಸಿಕೊಂಡಿದ್ದೇನೆ ಎಂದರು ಗವರ್ನರ್, ಬಟ್ಟಲು ಮಾತ್ರ ಖಾಲಿಯೇ ಉಳಿಯಿತು.

ಇನ್ನೊಂದು ಪ್ರಸಂಗ ಹಾಸ್ಯವಲ್ಲ. 2013ರ ಸೆಪ್ಟೆಂಬರಿನಲ್ಲಿ ಬಡವರ ಆಹಾರ ಕೂಪನ್ನಿಗೂ ಇಂಥ ಪರೀಕ್ಷೆ ಹಾಕಲು ರಾಜ್ಯಗಳಿಗೆ ಅವಕಾಶ ಕೊಡುವ ಮಸೂದೆಗೆ ಅಮೆರಿಕದ ಕೆಳಮನೆ ಒಪ್ಪಿಗೆ ಕೊಟ್ಟಿತು. ಪರವಾಗಿ ಮತ ಹಾಕಿದವರಲ್ಲಿ ಫ್ಲಾರಿಡಾದ ಸದಸ್ಯ ಟ್ರೇ ರೇಡಲ್ ಒಬ್ಬರು. ಮರುತಿಂಗಳೇ ರಾಜಧಾನಿ ವಾಷಿಂಗ್ಟನ್ನಿನಲ್ಲಿ ಕೊಕೇನ್ ಕೊಳ್ಳುವಾಗ ಸಿಕ್ಕಿಬಿದ್ದು, ನವೆಂಬರಿನಲ್ಲಿ ತಪ್ಪೊಪ್ಪಿಕೊಂಡರು. ಜೈಲಿಲ್ಲ, ಒಂದು ವರ್ಷ ನಿಗಾ. ಚಿಕಿತ್ಸೆಗೆ ಸೇರಿದರು, 2014ರ ಜನವರಿಯಲ್ಲಿ ರಾಜೀನಾಮೆ ಕೊಟ್ಟರು. ಅವರಿಗೆ ಚಿಕಿತ್ಸೆ ಸಿಕ್ಕದ್ದು ಒಳ್ಳೆಯದೇ. ವಿಸ್ಕಾನ್ಸಿನ್‌ನ ಗ್ವೆನ್ ಮೂರ್ ಎಂಬ ಸದಸ್ಯೆ, ತಾವೇ ಎಳೆಯ ತಾಯಿಯಾಗಿದ್ದಾಗ ಈ ನೆರವಿನಲ್ಲಿ ಬದುಕಿದವರು, 2016ರಲ್ಲಿ ಒಂದು ಮಸೂದೆ ತಂದರು: ಒಂದೂವರೆ ಲಕ್ಷ ಡಾಲರಿಗೂ ಹೆಚ್ಚು ತೆರಿಗೆ ಕಡಿತ ಕೇಳುವ ಶ್ರೀಮಂತರೂ ಮೂತ್ರ ಪರೀಕ್ಷೆ ಮಾಡಿಸಿಕೊಳ್ಳಲಿ. ಅದು ಮುಂದೆ ಸಾಗಲಿಲ್ಲ, ಸಾಗುತ್ತದೆ ಎಂದು ಅವರೂ ಅಂದುಕೊಂಡಿರಲಿಕ್ಕಿಲ್ಲ. ತೆರಿಗೆ ವಿನಾಯಿತಿಯೂ ಖಜಾನೆಯ ದುಡ್ಡೇ ಎಂದು ನೆನಪಿಸುವುದಷ್ಟೇ ಉದ್ದೇಶ.

ಫ್ಲಾರಿಡಾ ಸೋತದ್ದನ್ನು ನೋಡಿ ಉಳಿದ ರಾಜ್ಯಗಳು ದಾರಿ ಬದಲಿಸಿದವು. ಎಲ್ಲರಿಗೂ ಪರೀಕ್ಷೆ ಬೇಡ, ಮೊದಲು ಒಂದು ಪ್ರಶ್ನಾವಳಿ ಕೊಡೋಣ, ಉತ್ತರದಲ್ಲಿ ಅನುಮಾನ ಬಂದವರಿಗೆ ಮಾತ್ರ ಬಟ್ಟಲು ಕೊಡೋಣ ಎಂದವು. ಯೂಟಾ ರಾಜ್ಯ ಹಾಗೆ ಮಾಡಿ, ಮೊದಲ ವರ್ಷ ಮೂವತ್ತು ಸಾವಿರ ಡಾಲರಿಗೂ ಹೆಚ್ಚು ಖರ್ಚು ಮಾಡಿತು. ಸಿಕ್ಕಿದವರು 12. ಆದರೂ ಯೂಟಾವನ್ನು ಫ್ಲಾರಿಡಾದ ಪಕ್ಕ ನಿಲ್ಲಿಸುವುದು ಸರಿಯಲ್ಲ. ಅಲ್ಲಿ ಸಿಕ್ಕಿದವರನ್ನು ಹೊರಹಾಕದೆ, ಚಿಕಿತ್ಸೆಗೆ ಸೇರಿದರೆ ನೆರವು ಮುಂದುವರಿಸುವ ಏರ್ಪಾಡಿತ್ತು. ನಿಜವಾಗಿ ವ್ಯಸನದ ಚಿಂತೆ ಇರುವವರು ಹಿಡಿಯಬೇಕಾದ ದಾರಿಯ ಮೊದಲ ಹೆಜ್ಜೆ ಅದು. ಅಪ್ಪ ಅಮ್ಮ ವ್ಯಸನಿಗಳಾದ ಮನೆಯಲ್ಲಿ ಮಕ್ಕಳು ಪಡುವ ಪಾಡು ಸುಳ್ಳಲ್ಲ. ಆ ಮಕ್ಕಳಿಗೆ ಬೇಕಾದದ್ದು ಚಿಕಿತ್ಸಾ ಕೇಂದ್ರದಲ್ಲಿ ಒಂದು ಹಾಸಿಗೆ ಖಾಲಿ ಇರುವುದು. ಅಪ್ಪನ ಭತ್ಯೆ ನಿಲ್ಲಿಸಿದರೆ ಅವನ ಚಟ ನಿಲ್ಲುವುದಿಲ್ಲ, ಮಗುವಿನ ಹಾಲು ನಿಲ್ಲುತ್ತದೆ.

ಆಸ್ಟ್ರೇಲಿಯಾವೂ 2017ರಲ್ಲಿ ಇದಕ್ಕೆ ಕೈ ಹಾಕಿತ್ತು. ನಿರುದ್ಯೋಗ ಭತ್ಯೆಗೆ ಹೊಸದಾಗಿ ಬರುವ 5,000 ಜನರನ್ನು ಮೂರು ಪ್ರದೇಶಗಳಲ್ಲಿ ಪರೀಕ್ಷಿಸುತ್ತೇವೆ ಎಂದು ಬಜೆಟ್ಟಿನಲ್ಲೇ ಘೋಷಿಸಿತು. ವೈದ್ಯರ ಸಂಘಗಳು, ಅದರಲ್ಲೂ ವ್ಯಸನ ಚಿಕಿತ್ಸೆಯವರೇ, ಇದರಿಂದ ಪ್ರಯೋಜನವಿಲ್ಲ ಎಂದು ಎದ್ದು ನಿಂತರು. ಮೇಲ್ಮನೆಯಲ್ಲಿ ಮಸೂದೆಗೆ ಬಹುಮತ ಸಿಗಲೇ ಇಲ್ಲ.

ನಮ್ಮ ದೇಶದಲ್ಲಿ ಯಾವ ಭತ್ಯೆಗೂ ಮೂತ್ರ ಕೇಳಿದ್ದಿಲ್ಲ. 2018ರಲ್ಲಿ ಪಂಜಾಬ್ ಸರ್ಕಾರ ತನ್ನ ನೌಕರರಿಗೆ ಇಂಥ ಪರೀಕ್ಷೆ ಕಡ್ಡಾಯ ಮಾಡುವುದಾಗಿ ಹೇಳಿದ್ದುಂಟು. ಆದರೆ ಫ್ಲಾರಿಡಾದ ನ್ಯಾಯಾಲಯ ಎದುರಿಸಿದ ಪ್ರಶ್ನೆಯ ಎರಡು ತುಂಡುಗಳು ನಮ್ಮಲ್ಲೂ ಬಂದಿವೆ, ಎರಡಕ್ಕೂ ಕರ್ನಾಟಕದ ನಂಟಿದೆ. ಒಪ್ಪಿಗೆಯಿಲ್ಲದೆ ಆರೋಪಿಗಳಿಗೆ ಮಂಪರು ಪರೀಕ್ಷೆ ಮಾಡುವಂತಿಲ್ಲ ಎಂದು ಸುಪ್ರೀಂ ಕೋರ್ಟು 2010ರ ಮೇ ತಿಂಗಳಲ್ಲಿ ಹೇಳಿದ್ದು ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಎಂಬ ಮೊಕದ್ದಮೆಯಲ್ಲಿ. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ್ದು, ಕರ್ನಾಟಕ ಹೈಕೋರ್ಟಿನಲ್ಲಿ ನ್ಯಾಯಮೂರ್ತಿಗಳಾಗಿದ್ದ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ. ಆದರೆ ಮರುವರ್ಷ ಅದೇ ದಾವೆಯ ಮುಂದಿನ ಭಾಗದಲ್ಲಿ, ಸರ್ಕಾರಿ ಸವಲತ್ತಿಗೆ ಆಧಾರ್ ಕೇಳಬಹುದು ಎಂದು ಬಹುಮತದ ತೀರ್ಪು ಬಂತು. ಸವಲತ್ತು ಬೇಕಾದವನು ತನ್ನ ಮೈಯ ಗುರುತನ್ನು ಎಷ್ಟರ ಮಟ್ಟಿಗೆ ಒಪ್ಪಿಸಬೇಕು ಎಂಬ ಗೆರೆಯನ್ನು ನಮ್ಮ ನ್ಯಾಯಾಲಯ ಬೆರಳಚ್ಚಿನ ಆಚೆಗೆ ಎಳೆದಿದೆ, ಅಮೆರಿಕದ್ದು ಮೂತ್ರದ ಈಚೆಗೆ.

ಅಮೆರಿಕದಲ್ಲೂ ಆ ಗೆರೆ ಎಲ್ಲರಿಗೂ ಒಂದೇ ಅಲ್ಲ. 2015ರಲ್ಲಿ ಫ್ಲಾರಿಡಾ ರಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋಗದೆ ಸೋಲನ್ನು ಒಪ್ಪಿಕೊಂಡಿತು. ಗೆದ್ದವರಿಗೆ ಅದು ಸಂತೋಷದ ಸುದ್ದಿ. ಆದರೆ ಅದರಿಂದಲೇ ದೇಶಕ್ಕೆಲ್ಲ ಅನ್ವಯಿಸುವ ತೀರ್ಪು ಬಾರದೆ ಹೋಯಿತು. ಫ್ಲಾರಿಡಾದ ಮೊಕದ್ದಮೆ ಕೇಳಿದ ಮೇಲ್ಮನವಿ ನ್ಯಾಯಾಲಯದ ಮಾತು ನಡೆಯುವುದು ಫ್ಲಾರಿಡಾ, ಜಾರ್ಜಿಯಾ, ಅಲಬಾಮಾ ಎಂಬ ಮೂರು ರಾಜ್ಯಗಳಲ್ಲಿ ಮಾತ್ರ. 1996ರ ಕಾಯ್ದೆಯ 902ನೇ ಕಲಮನ್ನು ಯಾರೂ ತೆಗೆದುಹಾಕಿಲ್ಲ.